ಆಸರೆಯ ಬಾಳ್ವೆ: ಅದರ ಗುಣವನ್ನು ಅಳೆಯುವುದೆಂತು?

ಮಾನವನಿಗೆ ಅನ್ನ, ಬಟ್ಟೆ, ಸೂರು ಈ ಮೂರೂ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಈ ಮೂರನ್ನೂ ಒದಗಿಸಿ, ಏನನ್ನು ಉಣ್ಣಬೇಕು, ಏನನ್ನು ಉಡಬೇಕು, ಯಾರೊಡನೆ ಇರಬೇಕು ಎಂಬುದನ್ನೆಲ್ಲ ಬೇರೆಯವರೇ ಗೊತ್ತುಮಾಡಿಬಿಟ್ಟರೆ ಅದನ್ನು ಬಾಳು ಎನ್ನಬಹುದೆ? ನಮ್ಮ ನಿಮ್ಮಂಥವರಿಗೆ ಈ ಪ್ರಶ್ನೆ ಎದುರಾಗುವುದು ಅಪರೂಪ. ಎಳವೆಯಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾಗಿ, ಹೊಸದನ್ನು ಕಲಿಯಲು, ಹಣ ಎಣಿಸಲು, ಒಬ್ಬರೇ ಸಂಸಾರ ತೂಗಿಸಲು ಕಷ್ಟಪಡುವವರಿಗಾದರೋ ಇದು ದಿನನಿತ್ಯದ ಪ್ರಶ್ನೆ. ಇಂಥವರನ್ನು ಹಿಂದೆ ಮಂದಬುದ್ಧಿಯವರೆಂದು ಕರೆಯುತ್ತಿದ್ದರು. ಈಗ ಬೌದ್ಧಿಕ ವಿಕಲತೆಯುಳ್ಳವರು ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದಕ್ಕೆ ‘ಲರ್ನಿಂಗ್ ಡಿಸೆಬಿಲಿಟಿ’ ಎಂದು ಹೆಸರು. ಇವರಿಗಾಗಿ ಆ ದೇಶದಲ್ಲಿ ಬೆಳೆದುಬಂದಿರುವ ‘ಸಪೋರ್ಟೆಡ್ ಲಿವಿಂಗ್’, ಎಂದರೆ ಆಸರೆಯ ಬಾಳ್ವೆ, ಎಂಬ ಏರ್ಪಾಡನ್ನೂ ಅದರ ಗುಣವನ್ನು ಅಳೆಯುವ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು ಇದರ ಹಿನ್ನೆಲೆಯನ್ನು ನೋಡೋಣ. 1913ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾನೂನೊಂದರ ಪ್ರಕಾರ ಇಂಥವರನ್ನು ಸಮಾಜದಿಂದ ಬೇರ್ಪಡಿಸಿ ದೊಡ್ಡ ಆವರಣಗಳಲ್ಲಿ ಇರಿಸುವ ಪದ್ಧತಿ ಬಲಗೊಂಡಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಈ ಆವರಣಗಳು ಆಸ್ಪತ್ರೆಗಳೆನಿಸಿದುವು. ಕಾಯಿಲೆಯಿಲ್ಲದವರು ಆಯುಷ್ಯವನ್ನೆಲ್ಲ ಆಸ್ಪತ್ರೆಯ ಸಾಲುಮಂಚಗಳಲ್ಲಿ ಕಳೆಯಬೇಕಾಯಿತು. 1958ರಲ್ಲಿ ಜ್ಯಾಕ್ ಟಿಜಾರ್ಡ್ ಎಂಬ ಮನೋವಿಜ್ಞಾನಿ ಲಂಡನ್ನಿನ ಅಂಥ ಆಸ್ಪತ್ರೆಯೊಂದರಿಂದ 16 ಮಕ್ಕಳನ್ನು ‘ಬ್ರೂಕ್‌ಲ್ಯಾಂಡ್ಸ್’ ಎಂಬ ಮನೆಗೆ ಕರೆತಂದು, ಚಿಕ್ಕ ಗುಂಪುಗಳಲ್ಲಿ, ಮನೆಮಕ್ಕಳಂತೆ ಬೆಳೆಸುವ ಏರ್ಪಾಡು ಮಾಡಿದನು. ಎರಡು ವರ್ಷಗಳಲ್ಲಿ ಈ ಮಕ್ಕಳು ಆಸ್ಪತ್ರೆಯಲ್ಲೇ ಉಳಿದ ಅಂಥವೇ ಮಕ್ಕಳಿಗಿಂತ ಮಾತಿನ ಬೆಳವಣಿಗೆಯಲ್ಲಿ ಮುಂದಾದರು. ಕುಂದು ಇದ್ದುದು ಮಕ್ಕಳಲ್ಲಿ ಮಾತ್ರವಲ್ಲ, ಅವರನ್ನು ಇರಿಸಿದ ರೀತಿಯಲ್ಲಿಯೂ ಇತ್ತೆಂಬುದು ಇದರಿಂದ ತಿಳಿಯಿತು. ಮುಂದೆ ವೇಲ್ಸ್ ಪ್ರಾಂತದ ಈಲೀ ಆಸ್ಪತ್ರೆಯಲ್ಲಿ ನಡೆದ ಕ್ರೌರ್ಯವನ್ನು 1969ರ ವಿಚಾರಣಾ ವರದಿ ಬಯಲಿಗೆಳೆಯಿತು. 1971ರಲ್ಲಿ ಸರ್ಕಾರವು ಆಸ್ಪತ್ರೆಗಳ ವಾಸವನ್ನು ತಗ್ಗಿಸಿ ಊರೊಳಗಿನ ಸೇವೆಗಳನ್ನು ಹೆಚ್ಚಿಸುವ ಧೋರಣೆಯನ್ನು ಸಾರಿತು. ಆಸರೆಯ ಬಾಳ್ವೆಯು ಈ ದಾರಿಯಲ್ಲಿ ಮುಂದೆ ರೂಪುಗೊಂಡ ಏರ್ಪಾಡು.

ಇದರ ತಿರುಳು ಸರಳವಾಗಿದೆ. ವ್ಯಕ್ತಿಯು ಬೀದಿಯಲ್ಲಿನ ಸಾಮಾನ್ಯ ಮನೆಯೊಂದರಲ್ಲಿ, ಒಬ್ಬನೇ ಅಥವಾ ಇಬ್ಬರು ಮೂವರೊಡನೆ, ತನ್ನದೇ ಬಾಡಿಗೆ ಕರಾರಿನ ಮೇಲೆ ವಾಸಿಸುತ್ತಾನೆ. ಅವನಿಗೆ ನೆರವು ನೀಡುವ ಸಂಸ್ಥೆಯ ಕರಾರು ಬೇರೆ. ಕೆಲವರಿಗೆ ವಾರಕ್ಕೆ ಕೆಲವೇ ಗಂಟೆಗಳ ನೆರವು ಸಾಕು. ಕೆಲವರಿಗೆ ಹಗಲಿರುಳೂ ಬೇಕು. ಎಷ್ಟು ಬೇಕೆಂಬುದನ್ನು ಸ್ಥಳೀಯ ಆಡಳಿತವು 2014ರ ಕಾನೂನಿಗನುಸಾರವಾಗಿ ಗೊತ್ತುಮಾಡುತ್ತದೆ. ಮನೆ ಬೇರೆ, ನೆರವು ಬೇರೆ ಆಗಿರುವುದರಿಂದ, ನೆರವಿನವರು ಒಳ್ಳೆಯವರಲ್ಲದಿದ್ದರೆ ಅವರನ್ನು ಬದಲಾಯಿಸಬಹುದು, ಅದಕ್ಕಾಗಿ ಮನೆಬಿಡಬೇಕಾಗಿಲ್ಲ. ಅನಾಥಾಲಯದಂಥ ಸಂಸ್ಥೆಗಳಿಗೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

ಹಾಗಾದರೆ ಒಳ್ಳೆಯ ಆಸರೆ ಯಾವುದು, ಕೆಟ್ಟದ್ದು ಯಾವುದು? ಗೋಡೆಯ ಸುಣ್ಣವನ್ನೂ ಆಳುಗಳ ಸಂಖ್ಯೆಯನ್ನೂ ನೋಡಿ ತೀರ್ಮಾನಿಸುವಂತಿಲ್ಲ. ನಾಲ್ಕು ಅಂಶಗಳನ್ನು ಪರೀಕ್ಷಿಸಬೇಕು.

ಮೊದಲನೆಯದು, ಆಯ್ಕೆ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 2005ರ ಕಾನೂನಿನ ಮೂಲತತ್ತ್ವವೆಂದರೆ, ಪ್ರಾಯಕ್ಕೆ ಬಂದ ಯಾರನ್ನೇ ಆಗಲಿ, ಬೇರೆ ರೀತಿ ಸಿದ್ಧವಾಗುವವರೆಗೆ ನಿರ್ಧಾರಶಕ್ತಿ ಉಳ್ಳವರೆಂದೇ ಎಣಿಸಬೇಕು. ಇತರರಿಗೆ ಅವಿವೇಕವಾಗಿ ತೋರುವ ನಿರ್ಧಾರ ಮಾಡಿದ ಮಾತ್ರಕ್ಕೆ ಆ ಶಕ್ತಿ ಇಲ್ಲವೆನ್ನಲಾಗದು. ನಾವೂ ಎಷ್ಟೋ ಅವಿವೇಕದ ನಿರ್ಧಾರಗಳನ್ನು ಮಾಡುತ್ತೇವಷ್ಟೆ!

ಎರಡನೆಯದು, ಕೈಗೆ ಕೆಲಸ. ಕೆಂಟ್ ವಿಶ್ವವಿದ್ಯಾನಿಲಯದ ಜಿಮ್ ಮ್ಯಾನ್ಸೆಲ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಮನೆಗಳನ್ನು ದೀರ್ಘಕಾಲ ಅಭ್ಯಾಸಮಾಡಿದರು. ಆಳುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ನಿವಾಸಿಗಳ ಬಾಳು ಚಟುವಟಿಕೆಯಿಂದ ತುಂಬುವುದಿಲ್ಲ. ಆಳುಗಳು ಹೇಗೆ ನೆರವಾಗುತ್ತಾರೆ ಎಂಬುದೇ ಮುಖ್ಯ, ಎಂದು ಅವರು ಕಂಡುಕೊಂಡರು. ‘ಅವನಿಗಾಗಿ’ ಅಡುಗೆ ಮಾಡುವುದು ಸುಲಭ. ‘ಅವನೊಡನೆ’ ಮಾಡುವುದು ಕಷ್ಟ, ನಿಧಾನ. ಈ ಮಾತು ನನಗೆ ಹೊಸದೆನಿಸಲಿಲ್ಲ. ಅಕ್ಷರ ಕಲಿಯದ ನಮ್ಮ ಅಜ್ಜಿ ನನ್ನ ಸೋದರಮಾವನನ್ನು ಹೀಗೆಯೇ ನೋಡಿಕೊಂಡರು. ಮಾವನಿಗೆ ಹತ್ತರ ಮೇಲೆ ಎಣಿಸಲು ಬಾರದು. ಆದರೂ ದನಕ್ಕೆ ನೀರು ತೋರಿಸುವುದು, ಕಡಲೆಕಾಯಿ ಸುಲಿಯುವುದು ಅವನ ಪಾಲಿನ ಕೆಲಸ. ನೆರೆಯವರು ಬೇಗ ಮುಗಿಸಿಕೊಡಲು ಬಂದರೆ, “ಅವನೇ ಮಾಡ್ಲಿ ಬಿಡವ್ವ, ಹೊತ್ತೇನೂ ಹೋಗಲ್ಲ” ಎನ್ನುತ್ತಿದ್ದರು.

ಮೂರನೆಯದು, ಆರೋಗ್ಯ. ಇಂಗ್ಲೆಂಡಿನಲ್ಲಿ ಇಂಥವರ ಸಾವುಗಳನ್ನು ಪರಿಶೀಲಿಸಲು 2015ರಲ್ಲಿ ಪ್ರತ್ಯೇಕ ಯೋಜನೆ ಆರಂಭವಾಯಿತು. ಇತರರಿಗಿಂತ ಇವರು ಸುಮಾರು 20 ವರ್ಷ ಮೊದಲೇ ಸಾಯುತ್ತಾರೆಂದೂ ಇವುಗಳಲ್ಲಿ ಎಷ್ಟೋ ಸಾವುಗಳು ತಪ್ಪಿಸಬಹುದಾದುವೆಂದೂ ಅದರ ವರದಿಗಳು ತೋರಿಸಿವೆ. ನೋವನ್ನು ಬಾಯಿಬಿಟ್ಟು ಹೇಳಲಾರದವನು ಊಟ ಬಿಡಬಹುದು, ತಲೆ ಚಚ್ಚಿಕೊಳ್ಳಬಹುದು. ಅದನ್ನು ‘ಅವನ ಸ್ವಭಾವ’ವೆಂದು ತಳ್ಳಿಹಾಕಿದರೆ ರೋಗ ಬಲಿಯುತ್ತದೆ. 14 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಗೆ ಅಲ್ಲಿ ಅವಕಾಶವಿದೆ, ಕರೆದೊಯ್ಯುವವರು ಬೇಕು.

ನಾಲ್ಕನೆಯದು, ಪರಿಚಿತ ಮುಖ. ನೋವನ್ನು ಮುಖ ನೋಡಿಯೇ ಅರಿಯಲು ಬಹುಕಾಲದ ಒಡನಾಟ ಬೇಕು. ಆದರೆ ಅಲ್ಲಿ ಈ ವೃತ್ತಿಯ ಸಂಬಳ ಕಡಿಮೆ. ಕೆಲಸಗಾರರು ಬೇಗಬೇಗ ಬದಲಾಗುತ್ತಾರೆ. ಇದು ಈ ಏರ್ಪಾಡಿನ ದೊಡ್ಡ ಕುಂದು.

ಇವನ್ನೆಲ್ಲ ತನಿಖೆ ಮಾಡಲು ‘ಕೇರ್ ಕ್ವಾಲಿಟಿ ಕಮಿಷನ್’ ಎಂಬ ಸಂಸ್ಥೆಯಿದೆ. ಆದರೆ ಆಸರೆಯ ಬಾಳ್ವೆಯಲ್ಲಿ ಮನೆ ವ್ಯಕ್ತಿಯದಾದುದರಿಂದ, ಅದು ಸ್ನಾನ, ಊಟ ಮೊದಲಾದ ನೆರವನ್ನು ಪರೀಕ್ಷಿಸುತ್ತದೆಯೇ ಹೊರತು ಕಟ್ಟಡವನ್ನಲ್ಲ. ತನಿಖೆಯೊಂದನ್ನೇ ನಂಬಿ ಕೂಡುವಂತೆಯೂ ಇಲ್ಲ. 2011ರಲ್ಲಿ ಬ್ರಿಸ್ಟಲ್ ನಗರದ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ನಿವಾಸಿಗಳನ್ನು ಹೊಡೆದು ಹಿಂಸಿಸಿದುದನ್ನು ಬಿ.ಬಿ.ಸಿ. ಟೆಲಿವಿಷನ್ ಗುಟ್ಟಾಗಿ ಚಿತ್ರಿಸಿ ಲೋಕಕ್ಕೆ ತೋರಿಸಿತು. ಅಲ್ಲಿನ ನರ್ಸ್ ಒಬ್ಬರು ಮೊದಲೇ ಕೊಟ್ಟಿದ್ದ ಎಚ್ಚರಿಕೆ ವ್ಯರ್ಥವಾಗಿತ್ತು. 11 ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಆರು ಮಂದಿ ಸೆರೆಮನೆಗೆ ಹೋದರು. ಅಂಥ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಉಳಿದಿರುವವರನ್ನು 2014ರ ಜೂನ್ ಒಳಗೆ ಊರೊಳಗಿನ ಮನೆಗಳಿಗೆ ತರುವೆವೆಂದು ಸರ್ಕಾರ ವಚನವಿತ್ತಿತು. ಆ ಗಡುವಿನೊಳಗೆ ಅದು ನೆರವೇರಲಿಲ್ಲ. ಇನ್ನು, ಊರೊಳಗಿನ ಮನೆಯಾದರೂ ಅಡುಗೆಮನೆಗೆ ಬೀಗ, ಮಲಗಲು ಗಂಟೆ, ಹೊರಗೆ ಹೋಗಲು ಅಪ್ಪಣೆ ಇದ್ದರೆ ಅದು ಚಿಕ್ಕ ಆಸ್ಪತ್ರೆಯೇ ಸರಿ.

ಇದರಿಂದ ನಮಗೇನು ಎಂದು ವಾಚಕರು ಕೇಳಬಹುದು. ವಿಕಲಚೇತನರಿಗೆ ಎಲ್ಲಿ, ಯಾರೊಡನೆ ಬಾಳಬೇಕೆಂಬ ಆಯ್ಕೆಯ ಹಕ್ಕುಂಟೆಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಸಾರಿದೆ. ಅದನ್ನು ಭಾರತ 2007ರಲ್ಲಿ ಅನುಮೋದಿಸಿತು, ಬ್ರಿಟನ್ 2009ರಲ್ಲಿ. ನಮ್ಮ 2016ರ ಕಾನೂನೂ ಸಮಾಜದ ನಡುವೆ ಬಾಳುವ ಹಕ್ಕನ್ನು ಒಪ್ಪಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಈ ಭಾರವೆಲ್ಲ ತಾಯಂದಿರ ಹೆಗಲ ಮೇಲಿದೆ. “ನಾನು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ?” ಎಂಬ ಪ್ರಶ್ನೆಯೊಂದಿಗೆ ಅವರು ಮುದಿಯಾಗುತ್ತಾರೆ. ಇದಕ್ಕೆ ಆಸ್ತಿಯಿಂದಷ್ಟೇ ಉತ್ತರ ಹೇಳಲಾಗದು, ಕರುಣೆಯಿಂದಲೂ ಆಗದು. ಕೈಹಿಡಿಯುವವರು ಬೇಕು, ಕೈಯನ್ನು ಕಟ್ಟಿಹಾಕುವವರು ಬೇಡ. ಪದವಿ ಪಡೆದು ಹೊರಡಲಿರುವ ನಾವು ನಾಳೆ ಉಪಾಧ್ಯಾಯರೋ ಗುಮಾಸ್ತರೋ ಅಧಿಕಾರಿಗಳೋ ಆಗಬಹುದು. ಅಂಥ ಒಬ್ಬನು ನಮ್ಮ ಮೇಜಿನ ಮುಂದೆ ಬಂದು ನಿಂತಾಗ, ಜೊತೆಗೆ ಬಂದವರನ್ನು ಕೇಳುವ ಮೊದಲು ಅವನನ್ನೇ ಮಾತನಾಡಿಸುವಷ್ಟು ತಾಳ್ಮೆ ನಮ್ಮಲ್ಲಿರಲಿ.