ಅಣ್ಣಾವ್ರ ಪಂಚೆ, ತಾಳ್ಯದ ಅಂಬಾಸಿಡರ್

ತಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ಆ ಹಳೇ ಬಿಳಿ ಅಂಬಾಸಿಡರ್ ಬಂದು ನಿಂತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಳಿಯುತ್ತಿದ್ದವರು ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿದ ಅಡಿಕೆ ತೋಟದ ಯಜಮಾನರು. ಮನಸ್ಸು ಮಾಡಿದ್ದರೆ ಮಾರನೇ ದಿನವೇ ಬೆಂಜ್ ತರಬಲ್ಲ ಆಸಾಮಿ! ಪಿಯುಸಿ ಬಿಟ್ಟ ವರ್ಷ ನಾನು ಅಪ್ಪನ ಕೈಲಿ ಸಾಲ ಮಾಡಿಸಿ ಬೈಕ್ ಕೊಂಡು, ಕೂಲಿಂಗ್ ಗ್ಲಾಸ್ ಏರಿಸಿ, ಅದೇ ಕಾರಿನ ಪಕ್ಕ ಪೋಸು ಕೊಟ್ಟವನು. ಅಪ್ಪ ಏನೂ ಅನ್ನಲಿಲ್ಲ. ಮೂರು ವರ್ಷ ಹೊಸ ಅಂಗಿ ಹೊಲಿಸಲಿಲ್ಲ, ಅಷ್ಟೇ.

ನಮ್ಮ ಅಣ್ಣಾವ್ರನ್ನೇ ತಗೊಳ್ಳಿ. 1954ರ 'ಬೇಡರ ಕಣ್ಣಪ್ಪ'ದಿಂದ ಶುರುವಾಗಿ ಇನ್ನೂರು ದಾಟಿದ ಚಿತ್ರಗಳು, ಮೇಲೆ ಫಾಲ್ಕೆ ಪ್ರಶಸ್ತಿ. ತೆರೆಯ ಮೇಲೆ ಚಕ್ರವರ್ತಿಯ ಕಿರೀಟ. ಹೊರಗೆ ಬಂದರೆ ಬಿಳಿ ಪಂಚೆ, ಬಿಳಿ ಶರ್ಟು!

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯವರು 2002ರಲ್ಲಿ ಫೈಟನ್ ಅಂತ ಕಾರು ಬಿಟ್ಟರು. 12 ಸಿಲಿಂಡರಿನ ಇಂಜಿನ್ನೂ ಅದರಲ್ಲಿತ್ತು, ಮುಖ ಮಾತ್ರ ಸಾದಾ ಪಸಾಟಿನದು. ಅಮೆರಿಕದ ಸಾಹುಕಾರರು ಮೂಗು ಮುರಿದರು. 2006ರಲ್ಲಿ ಅಲ್ಲಿ ವ್ಯಾಪಾರವೇ ಬಂದ್. ನಮ್ಮ ಅಂಬಾಸಿಡರ್ 2014ರವರೆಗೂ ತಯಾರಾಯಿತು. ಮಂತ್ರಿಗೂ ಅದೇ, ಟ್ಯಾಕ್ಸಿಗೂ ಅದೇ.

ಮೂರು ವರ್ಷದ ಮೇಲೆ ಒಂದು ದಿನ ಯಜಮಾನರು ನನ್ನನ್ನು ಹೊಳಲ್ಕೆರೆವರೆಗೆ ಕೂರಿಸಿಕೊಂಡು ಹೋದರು. ಇಳಿಯುವಾಗ, "ಬೈಕಿನ ದುಡ್ಡು ಪೂರಾ ಮುಟ್ಟಿತು ಅಂತ ನಿಮ್ಮಪ್ಪಂಗೆ ಹೇಳಪ್ಪಾ" ಅಂದರು.

ಸಾಲ ಕೊಟ್ಟವರು ಅವರೇ ಅಂತ ನನಗೆ ಗೊತ್ತಾಗಿದ್ದು ಆವತ್ತೇ.