ಹಳಿಯಾಳದ ಹಾದಿಯ ಮುಸುವಗಳು

ಧಾರವಾಡ ಸೀಮೆಗೆ ಎರಡು ಮುಖ. ನವಲಗುಂದ, ಅಣ್ಣಿಗೇರಿಗಳತ್ತ ಕಣ್ಣು ಹಾಯುವವರೆಗೂ ಎರೆಯ ಬಯಲು. ಕಲಘಟಗಿಯತ್ತ ತಿರುಗಿದರೆ ಮಲೆನಾಡಿನ ಸೆರಗು. ಆ ಸೆರಗಿನ ಹಳ್ಳಿಯೊಂದರಲ್ಲಿ ಬೆಳೆದ ನನಗೆ ಕರಿಮೊಗದ ಮುಸುವ ಹೊಸದಲ್ಲ. ಹೊಲಕ್ಕಿಳಿದರೆ ಕವಣೆ ಬೀಸುತ್ತೇವೆ; ಸತ್ತರೆ ಹಣಮಪ್ಪನೆಂದು ಹೂವೇರಿಸಿ ಮಣ್ಣು ಮಾಡುತ್ತೇವೆ. ಆದರೆ ಕುಳಿತು ನೋಡಿದವರು ನಮ್ಮಲ್ಲಿ ವಿರಳ. ನೋಡುವುದಕ್ಕೆಂದೇ ಜಪಾನಿನಿಂದ ಒಬ್ಬರು ಬರಬೇಕಾಯಿತು.

ಕ್ಯೋಟೋ ವಿಶ್ವವಿದ್ಯಾಲಯದ ವಿದ್ವಾಂಸರು 1948ರಿಂದಲೇ ತಮ್ಮ ನಾಡಿನ ಕೋಶಿಮಾ ಎಂಬ ಕಾಡುದ್ವೀಪದ ಕೋತಿಗಳ ಬೆನ್ನುಹತ್ತಿದ್ದರು. ಒಂದೊಂದನ್ನೂ ಮುಖದಿಂದ ಗುರುತಿಸಿ, ಹೆಸರಿಟ್ಟು, ಯಾವುದು ಯಾವುದರ ಮರಿಯೆಂದು ವರ್ಷಗಟ್ಟಲೆ ಬರೆದಿಡುವುದು ಅವರ ಪದ್ಧತಿ. ಆ ಪರಂಪರೆಯ ಯುಕಿಮಾರು ಸುಗಿಯಾಮಾ 1961ರಲ್ಲಿ ಧಾರವಾಡಕ್ಕೆ ಬಂದರು. ಹಳಿಯಾಳದ ಹಾದಿಯ ಕಾಡಿನಲ್ಲಿ 1963ರವರೆಗೆ ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿದರು. ಯೋಶಿಬಾ ಹಾಗೂ ಪಾರ್ಥಸಾರಥಿ ಅವರ ಸಹೋದ್ಯೋಗಿಗಳು.

ಅಲ್ಲಿಯ ಬಹುಪಾಲು ಹಿಂಡುಗಳಲ್ಲಿ ಬಲಿತ ಗಂಡು ಒಂದೇ. ಉಳಿದವು ಹೆಣ್ಣು, ಮರಿಗಳು. ನೆಲೆಯಿಲ್ಲದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತಿದ್ದವು. 1962ರಲ್ಲಿ ಇಂಥ ಏಳು ಗಂಡುಗಳು ಒಂದು ಹಿಂಡಿನ ಮೇಲೆ ಬಿದ್ದವು. ಹಳೆಯ ಒಡೆಯ ನೆಲೆ ತಪ್ಪಿತು. ಗೆದ್ದ ಏಳರಲ್ಲಿ ಒಂದು ಮಿಕ್ಕವುಗಳನ್ನೂ ಅಟ್ಟಿ ಹಿಂಡನ್ನು ವಶಮಾಡಿಕೊಂಡಿತು. ಬಳಿಕ ಎಳೆಯ ಮರಿಗಳು ಒಂದೊಂದಾಗಿ ಅದರ ಹಲ್ಲಿಗೆ ಸಿಕ್ಕಿ ಇಲ್ಲವಾದವು. ಮರಿ ಕಳೆದುಕೊಂಡ ತಾಯಂದಿರು ಹೆಚ್ಚು ಕಾಲ ಕಳೆಯುವ ಮೊದಲೇ ಬೆದೆಗೆ ಬಂದವು.

ಸುಗಿಯಾಮಾ ಇದನ್ನು 1965ರಲ್ಲಿ ಪ್ರಕಟಿಸಿದರು. ಮುಸುವವನ್ನು ಶಾಂತಜೀವಿಯೆಂದು ಬಗೆದಿದ್ದ ವಿದ್ವಾಂಸರಿಗೆ ಇದು ಸುಲಭವಾಗಿ ಜೀರ್ಣವಾಗಲಿಲ್ಲ. ಕಾಡು ಕಿರಿದಾಗಿ, ಹಿಂಡುಗಳು ಕಿಕ್ಕಿರಿದು ಹುಟ್ಟಿದ ವಿಕಾರವಿದು ಎಂದರು ಕೆಲವರು. 1971ರಿಂದ ರಾಜಸ್ಥಾನದ ಅಬು ಬೆಟ್ಟದಲ್ಲಿ ಮುಸುವಗಳನ್ನು ಅಭ್ಯಸಿಸಿದ ಅಮೆರಿಕದ ಸಾರಾ ಹರ್ಡಿ ಬೇರೆ ಕಾರಣ ಕೊಟ್ಟರು: ಹಾಲೂಡುವ ತಾಯಿ ಬೇಗ ಗರ್ಭ ತಳೆಯದು, ಹೊಸ ಒಡೆಯನ ಆಳಿಕೆಯೋ ಅಲ್ಪಕಾಲದ್ದು, ಪರರ ಮರಿಯನ್ನು ಕೊಂದ ಗಂಡು ತನ್ನ ಸಂತತಿಗೆ ಎಡೆ ಮಾಡಿಕೊಳ್ಳುತ್ತದೆ. ವಾದ ಬಹುಕಾಲ ನಡೆಯಿತು. ಸಿಂಹ, ಗೊರಿಲ್ಲಾ, ಚಿಂಪಾಂಜಿಗಳಲ್ಲಿಯೂ ಶಿಶುಹತ್ಯೆ ಕಂಡುಬಂದ ಮೇಲೆ ಹರ್ಡಿಯವರ ವಿವರಣೆಗೆ ಬಲ ಬಂದಿತು.

ಸುಗಿಯಾಮಾ 1976ರಲ್ಲಿ ಆಫ್ರಿಕದ ಗಿನಿ ದೇಶದ ಬೊಸ್ಸು ಎಂಬ ಹಳ್ಳಿಗೆ ಹೋಗಿ, ಕಲ್ಲಿನಿಂದ ತಾಳೆಬೀಜ ಒಡೆದು ತಿನ್ನುವ ಚಿಂಪಾಂಜಿಗಳ ಅಭ್ಯಾಸಕ್ಕೆ ತೊಡಗಿದರು. ಅವುಗಳ ಬೆನ್ನುಹತ್ತಿದ ತಾಳ್ಮೆ ನಮ್ಮ ಕಾಡಿನಲ್ಲಿಯೂ ಪಳಗಿದ್ದೆಂದು ನೆನೆದರೆ ನನಗೆ ಹೆಮ್ಮೆಯೆನಿಸುತ್ತದೆ. ಜೊತೆಗೆ ತುಸು ಸಂಕೋಚವೂ.

ಮುಸುವ ದೇವರೂ ಅಲ್ಲ, ಕೇಡಿಗನೂ ಅಲ್ಲ. ಆ ಗಂಡನ್ನು ಕ್ರೂರಿಯೆಂದು ಕರೆಯುವ ಮೊದಲು, ಅದರ ಬದುಕಿನ ಕಟ್ಟಳೆಯನ್ನು ಅರಿಯುವುದು ಲೇಸು. ನಮ್ಮ ಶಾಲೆಗಳ ಅಧ್ಯಾಪಕರು ವಿದ್ಯಾರ್ಥಿಗಳೊಡನೆ, ಒಂದು ನೋಟುಬುಕ್ಕು ಹಿಡಿದು, ಊರ ಹೊರಗಿನ ಆಲದ ಮರದ ಹಿಂಡನ್ನು ಒಂದು ವರ್ಷ ನೋಡಲಿ. ಇಷ್ಟು ಮಾಡಲು ಕಡಲು ದಾಟಬೇಕಾಗಿಲ್ಲ.