ಸ್ಟೀರಿಂಗ್ ಚಕ್ರದ ಕಂಪನ

ಸ್ಟೀರಿಂಗ್ ಚಕ್ರದ ಕಂಪನ ಎಂದರೆ ಕಾರು ಚಲಿಸುತ್ತಿರುವಾಗ ಚಾಲಕನ ಕೈಯಲ್ಲಿರುವ ಸ್ಟೀರಿಂಗ್ ಚಕ್ರವು ತಾನಾಗಿ ನಡುಗುವುದು ಅಥವಾ ಎಡಬಲಕ್ಕೆ ಅದುರುವುದು. ಟೈರು, ರಿಮ್, ಬ್ರೇಕ್, ಸಸ್ಪೆನ್ಷನ್, ಸ್ಟೀರಿಂಗ್ ಜೋಡಣೆ ಅಥವಾ ಎಂಜಿನ್ ಇವುಗಳಲ್ಲಿ ಎಲ್ಲಿಯಾದರೂ ಇರುವ ದೋಷವು ಈ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕಂಪನವು ಯಾವ ಸಂದರ್ಭದಲ್ಲಿ ಆರಂಭವಾಗಿ ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ದೋಷದ ಸ್ಥಾನವನ್ನು ಬಹುಮಟ್ಟಿಗೆ ಗುರುತಿಸಬಹುದು. ಕಾರಣ ತಿಳಿಯುವ ಮೊದಲೇ ಬಿಡಿಭಾಗಗಳನ್ನು ಬದಲಿಸಿದರೆ ಹಣ ವ್ಯರ್ಥವಾಗುವುದಲ್ಲದೆ ಅಪಾಯವೂ ಹಾಗೆಯೇ ಉಳಿಯುತ್ತದೆ.

ವೇಗಕ್ಕೂ ಕಂಪನಕ್ಕೂ ಇರುವ ಸಂಬಂಧ

ಮೈಸೂರು ನಗರದೊಳಗಿನ ವಾಹನದಟ್ಟಣೆಯಲ್ಲಿ ನಿಧಾನವಾಗಿ ಸಾಗುವ ಕಾರಿನಲ್ಲಿ ಚಕ್ರದ ಸಣ್ಣ ದೋಷಗಳು ಗಮನಕ್ಕೆ ಬರುವುದಿಲ್ಲ. ಅದೇ ಕಾರು 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ (ರಾಷ್ಟ್ರೀಯ ಹೆದ್ದಾರಿ 275) ಗಂಟೆಗೆ 80ರಿಂದ 100 ಕಿ.ಮೀ. ವೇಗಕ್ಕೆ ಏರಿದಾಗ ಸ್ಟೀರಿಂಗ್ ನಡುಗತೊಡಗುತ್ತದೆ. ದೋಷ ಹೊಸದಾಗಿ ಹುಟ್ಟಿರಬೇಕೆಂದಿಲ್ಲ. ವೇಗವು ಅದನ್ನು ಹೊರಗೆಡಹಿರಬಹುದು.

ಕವಣೆಯಲ್ಲಿ ಕಲ್ಲನ್ನಿಟ್ಟು ಬೀಸಿದಾಗ ಅದು ಕೈಯನ್ನು ಹೊರಕ್ಕೆ ಎಳೆಯುತ್ತದೆ. ಬೀಸುವ ವೇಗ ಇಮ್ಮಡಿಯಾದರೆ ಎಳೆತವು ನಾಲ್ಕು ಪಟ್ಟಾಗುತ್ತದೆ. ಚಕ್ರದ ಒಂದು ಪಾರ್ಶ್ವದಲ್ಲಿ ಉಳಿದ ಹೆಚ್ಚಿನ ತೂಕವೂ ಹೀಗೆಯೇ ವರ್ತಿಸುತ್ತದೆ. 175/65 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14ಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಅದರ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಅಸಮತೋಲನವಿದ್ದರೆ ಆ ವೇಗದಲ್ಲಿ ಸುಮಾರು 5 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತ ಉಂಟಾಗುತ್ತದೆ. 50 ಕಿ.ಮೀ. ವೇಗದಲ್ಲಿ ಅದು 1.2 ಕಿಲೋಗ್ರಾಮಿನಷ್ಟು ಮಾತ್ರ. ಈ ಎಳೆತದ ದಿಕ್ಕು ಪ್ರತಿ ಸುತ್ತಿನಲ್ಲಿಯೂ ಬದಲಾಗುವುದರಿಂದ ಚಕ್ರ ಅದುರುತ್ತದೆ. ಅದುರುವಿಕೆಯ ಗತಿಯು ಸಸ್ಪೆನ್ಷನ್ನಿನ ಸಹಜ ಕಂಪನದ ಗತಿಗೆ ಹೊಂದಿಕೊಂಡಾಗ ನಡುಕ ತೀವ್ರವಾಗುತ್ತದೆ. ಕೆಲವು ಕಾರುಗಳು 90 ಕಿ.ಮೀ.ಗೆ ನಡುಗಿ 110 ಕಿ.ಮೀ.ಗೆ ಶಾಂತವಾಗುವುದಕ್ಕೆ ಇದೇ ಕಾರಣ.

ಸಂದರ್ಭಾನುಸಾರ ಕಾರಣಗಳು

ನಿರ್ದಿಷ್ಟ ವೇಗದಲ್ಲಿ ಮಾತ್ರ: ಸಾಮಾನ್ಯವಾಗಿ ಮುಂದಿನ ಚಕ್ರಗಳ ಅಸಮತೋಲನ. ರಿಮ್ಮಿಗೆ ಹಾಕಿದ್ದ ತೂಕದ ತುಂಡು ಬಿದ್ದುಹೋಗಿರುವುದು, ಮಳೆಗಾಲದಲ್ಲಿ ರಿಮ್ಮಿನ ಒಳಭಾಗಕ್ಕೆ ಕೆಸರು ಮೆತ್ತಿ ಒಣಗಿರುವುದು, ಪಂಕ್ಚರ್ ತಡೆಯುವ ದ್ರವವು ಟೈರಿನೊಳಗೆ ಒಂದೆಡೆ ಸೇರಿರುವುದು ಇದಕ್ಕೆ ಕಾರಣಗಳು. ನಡುಕವು ಸ್ಟೀರಿಂಗ್‌ಗಿಂತ ಆಸನದಲ್ಲಿ ಹೆಚ್ಚಾಗಿದ್ದರೆ ಹಿಂದಿನ ಚಕ್ರಗಳನ್ನು ಪರೀಕ್ಷಿಸಬೇಕು.

ಕಡಿಮೆ ವೇಗದಲ್ಲಿಯೂ ಕುಂಟುವಂತೆ ಅದುರುವುದು: ರಿಮ್ ಬಾಗಿರಬಹುದು ಅಥವಾ ಟೈರಿನ ಒಳಪದರಗಳು ಬಿಟ್ಟುಕೊಂಡಿರಬಹುದು. ಹಳ್ಳಕ್ಕೆ ಬಿದ್ದ ಅನಂತರ ಟೈರಿನ ಪಕ್ಕದಲ್ಲಿ ಉಬ್ಬು ಕಾಣಿಸಿದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ. ಅಂತಹ ಟೈರು ದುರಸ್ತಿಗೆ ಯೋಗ್ಯವಲ್ಲ. ಬಹುದಿನ ಒಂದೇ ಕಡೆ ನಿಂತಿದ್ದ ಕಾರಿನ ಟೈರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗಿ ಇಂಥದ್ದೇ ಅನುಭವ ಕೊಡಬಹುದು. ಸಾಮಾನ್ಯವಾಗಿ ಕೆಲವು ಕಿಲೋಮೀಟರ್ ಓಡಿಸಿ ಟೈರು ಬಿಸಿಯಾದ ಮೇಲೆ ಅದು ಸರಿಹೋಗುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ: ಮುಂದಿನ ಬ್ರೇಕ್ ಡಿಸ್ಕಿನ ದಪ್ಪ ಎಲ್ಲೆಡೆ ಸಮನಾಗಿಲ್ಲದಿರುವುದು ಅಥವಾ ಡಿಸ್ಕ್ ಓರೆಯಾಗಿ ಸುತ್ತುತ್ತಿರುವುದು. ಚಕ್ರದ ನಟ್‌ಗಳನ್ನು ಅಸಮವಾಗಿ ಬಿಗಿಮಾಡಿದಾಗಲೂ ಡಿಸ್ಕ್ ಓರೆಯಾಗುವುದುಂಟು.

ವೇಗ ಹೆಚ್ಚಿಸುವಾಗ ಮಾತ್ರ: ಮುಂದಿನ ಚಕ್ರಗಳಿಗೆ ಚಾಲನೆ ಇರುವ ಕಾರುಗಳಲ್ಲಿ ಆಕ್ಸಲಿನ ಒಳಬದಿಯ ಜಾಯಿಂಟ್ ಸವೆದಿರಬಹುದು.

ನಿಂತಿರುವಾಗಲೂ ನಡುಗುವುದು: ದೋಷ ಚಕ್ರದಲ್ಲಿಲ್ಲ. ಎಂಜಿನ್ ಕೂರಿಸುವ ರಬ್ಬರ್ ಮೌಂಟ್ ಸವೆದಿರುವುದು ಅಥವಾ ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು ಕಾರಣವಾಗಿರಬಹುದು.

ಇಳಿಜಾರು ಮತ್ತು ಬ್ರೇಕ್ ಡಿಸ್ಕ್

ಚಾಮುಂಡಿ ಬೆಟ್ಟದ ತುದಿ ಮೈಸೂರು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. 1,000 ಕಿಲೋಗ್ರಾಂ ತೂಕದ ಕಾರನ್ನು ಕೇವಲ ಬ್ರೇಕಿನಿಂದಲೇ ತಡೆಯುತ್ತ ಇಳಿಸಿದರೆ ಬ್ರೇಕ್‌ಗಳಲ್ಲಿ ಉಂಟಾಗುವ ಶಾಖವು ಸುಮಾರು 9 ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುತ್ತದೆ. ಹೀಗೆ ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ಕಾರನ್ನು ನಿಲ್ಲಿಸಿದರೆ, ಪ್ಯಾಡಿನ ವಸ್ತು ಒಂದೇ ಜಾಗದಲ್ಲಿ ಅಂಟಿಕೊಳ್ಳಬಹುದು. ಮಿಲಿಮೀಟರಿನ ನೂರನೆಯ ಕೆಲವೇ ಪಾಲಿನಷ್ಟು ಇಂತಹ ಏರುಪೇರೂ ಬ್ರೇಕ್ ಒತ್ತಿದಾಗ ಕೈಗೆ ತಿಳಿಯುತ್ತದೆ. ಆದುದರಿಂದ ಇಳಿಜಾರಿನಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನಿನ ತಡೆಯನ್ನು ಬಳಸುವುದು ಒಳ್ಳೆಯದು. ನ್ಯೂಟ್ರಲ್‌ನಲ್ಲಿ ಇಳಿಯುವುದು ಅಪಾಯಕರ.

ಪರೀಕ್ಷೆಯ ಕ್ರಮ

1. ಟೈರುಗಳು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ನೋಡಬೇಕು. ಉಬ್ಬು, ಬಿರುಕು, ಅಸಮ ಸವೆತಗಳನ್ನು ಪರಿಶೀಲಿಸಬೇಕು. ಭಾರತದ ನಿಯಮದಂತೆ ಕಾರಿನ ಟೈರಿನ ಪಟ್ಟೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಉದಾಹರಣೆಗೆ, 2319 ಎಂದರೆ 2019ರ 23ನೆಯ ವಾರ.

2. ನಟ್‌ಗಳು ಬಿಗಿಯಾಗಿವೆಯೇ ನೋಡಬೇಕು. ಇತ್ತೀಚೆಗೆ ಚಕ್ರ ಬಿಚ್ಚಿ ಹಾಕಿದ್ದರೆ ಮೊದಲು ಮಾಡಬೇಕಾದ ಪರೀಕ್ಷೆ ಇದು.

3. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಪರಸ್ಪರ ಬದಲಿಸಿ ಓಡಿಸಬಹುದು. ನಡುಕ ಸ್ಟೀರಿಂಗ್‌ನಿಂದ ಆಸನಕ್ಕೆ ಸ್ಥಳಾಂತರಗೊಂಡರೆ ದೋಷ ಚಕ್ರದಲ್ಲಿಯೇ ಇದೆ. ಸ್ಟೀರಿಂಗ್‌ನಲ್ಲಿಯೇ ಉಳಿದರೆ ಮುಂಭಾಗದ ಜೋಡಣೆಗಳನ್ನು ನೋಡಬೇಕು.

4. ಕಾರನ್ನು ಭದ್ರವಾದ ಆಧಾರದ ಮೇಲೆ ಎತ್ತಿ ನಿಲ್ಲಿಸಿ ಮುಂದಿನ ಚಕ್ರವನ್ನು ಅಲುಗಿಸಬೇಕು. ಗಡಿಯಾರದ 9 ಮತ್ತು 3ರ ಸ್ಥಾನದಲ್ಲಿ ಹಿಡಿದಾಗ ಮಾತ್ರ ಸಡಿಲವಿದ್ದರೆ ಟೈ ರಾಡಿನ ತುದಿ, 12 ಮತ್ತು 6ರ ಸ್ಥಾನದಲ್ಲಿ ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿರುವ ಸಂಭವ ಹೆಚ್ಚು. ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಕೆಳಗೆ ಹೋಗಬಾರದು.

ದುರಸ್ತಿ

ಅಸಮತೋಲನಕ್ಕೆ ವೀಲ್ ಬ್ಯಾಲೆನ್ಸಿಂಗ್ ಪರಿಹಾರ. ಚಕ್ರವನ್ನು ಯಂತ್ರಕ್ಕೆ ಕೂರಿಸಿ ಸುತ್ತಿಸಿದಾಗ ಎಷ್ಟು ಗ್ರಾಂ ತೂಕವನ್ನು ಎಲ್ಲಿ ಸೇರಿಸಬೇಕೆಂದು ಯಂತ್ರ ತೋರಿಸುತ್ತದೆ. ತೂಕ ಹಾಕಿದ ಮೇಲೆ ಮತ್ತೊಮ್ಮೆ ಸುತ್ತಿಸಿ, ಎರಡೂ ಪಾರ್ಶ್ವಗಳಲ್ಲಿ ಸೊನ್ನೆ ಬಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ತೂಕಗಳನ್ನು ತೆಗೆದು ರಿಮ್ಮಿನ ಕೆಸರನ್ನು ತೊಳೆದು ಆರಂಭಿಸದಿದ್ದರೆ ಫಲ ತಪ್ಪಾಗುತ್ತದೆ.

ಬ್ಯಾಲೆನ್ಸಿಂಗ್ ಮತ್ತು ವೀಲ್ ಅಲೈನ್‌ಮೆಂಟ್ ಒಂದೇ ಎಂದು ಅನೇಕರು ಭಾವಿಸುತ್ತಾರೆ. ಅಲೈನ್‌ಮೆಂಟ್ ಚಕ್ರಗಳ ಕೋನಗಳನ್ನು ಸರಿಪಡಿಸುವ ಕ್ರಿಯೆ. ಅದು ಕೆಟ್ಟಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಅಂಚು ಬೇಗ ಸವೆಯುತ್ತದೆ. ನೆಟ್ಟಗೆ ಸಾಗುತ್ತ ನಡುಗುವ ಕಾರಿಗೆ ಅಲೈನ್‌ಮೆಂಟ್ ಮಾತ್ರ ಮಾಡಿಸಿದರೆ ನಡುಕ ಹೋಗುವ ಸಂಭವ ಕಡಿಮೆ.

ದಪ್ಪ ಸಮನಾಗಿಲ್ಲದ ಡಿಸ್ಕನ್ನು, ತಯಾರಕರು ಸೂಚಿಸಿದ ಕನಿಷ್ಠ ದಪ್ಪ ಉಳಿಯುವುದಾದರೆ ಮಾತ್ರ ಲೇತ್ ಯಂತ್ರದಲ್ಲಿ ಕಡೆಯಬಹುದು. ಇಲ್ಲವಾದರೆ ಎಡಬಲ ಎರಡೂ ಡಿಸ್ಕ್‌ಗಳನ್ನು ಪ್ಯಾಡ್ ಸಹಿತ ಬದಲಿಸಬೇಕು. ಚಕ್ರ ಮರುಜೋಡಿಸುವಾಗ ನಟ್‌ಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಬಿಗಿಮಾಡದೆ, ಎದುರುಬದುರಾಗಿ ಹಂತಹಂತವಾಗಿ ಬಿಗಿಮಾಡಬೇಕು.

ಕೂಡಲೇ ನಿಲ್ಲಿಸಬೇಕಾದ ಸಂದರ್ಭಗಳು

ಕಂಪನವು ಇದ್ದಕ್ಕಿದ್ದಂತೆ ಆರಂಭವಾಗಿ ಕ್ಷಣಕ್ಷಣಕ್ಕೂ ಹೆಚ್ಚುತ್ತಿದ್ದರೆ, ಚಕ್ರದ ಕಡೆಯಿಂದ ಬಡಿಯುವ ಸದ್ದು ಬಂದರೆ ಅಥವಾ ಸ್ಟೀರಿಂಗ್ ಸಡಿಲವೆನಿಸಿದರೆ ಪ್ರಯಾಣ ಮುಂದುವರಿಸಬಾರದು. ನಟ್‌ಗಳು ಕಳಚುತ್ತಿರುವುದು, ಟೈರು ಸಿಡಿಯುವ ಹಂತ ತಲಪಿರುವುದು ಅಥವಾ ಬಾಲ್ ಜಾಯಿಂಟ್ ಕಳಚುವ ಸ್ಥಿತಿಗೆ ಬಂದಿರುವುದು ಇದರ ಕಾರಣವಾಗಿರಬಹುದು. ಅಂತಹ ಸಮಯದಲ್ಲಿ ಬ್ರೇಕನ್ನು ಥಟ್ಟನೆ ಒತ್ತದೆ, ಸ್ಟೀರಿಂಗನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದು, ಆಕ್ಸಿಲರೇಟರನ್ನು ನಿಧಾನವಾಗಿ ಬಿಟ್ಟು, ಎಚ್ಚರಿಕೆಯ ದೀಪಗಳನ್ನು ಹಾಕಿ, ರಸ್ತೆಯ ಎಡ ಅಂಚಿಗೆ ಬಂದು ನಿಲ್ಲಿಸಬೇಕು. ಪ್ರಯಾಣಿಕರು ವಾಹನಗಳು ಸಂಚರಿಸುವ ಭಾಗದಿಂದ ದೂರ ಸರಿದು ಸಹಾಯವನ್ನು ಕರೆಯಬೇಕು.